ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿಗೆ ಹೋಗುವವರಿಗೆ

ಹಾಸನದಿಂದ ಬೇಲೂರಿಗೆ ಹೊರಟವರು ದಯವಿಟ್ಟು ದೊಡ್ಡಗದ್ದವಳ್ಳಿಯನ್ನು ಬಿಟ್ಟು ಮುಂದೆ ಹೋಗಬೇಡಿ. ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಕೆರೆ ಪಕ್ಕದಲ್ಲೇ ಗುಡಿ ಇದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದ್ದು, ಸುಮಾರು 1114ರಲ್ಲಿ ಕಟ್ಟಿದ್ದು. ಬೇಲೂರಿನ ಚೆನ್ನಕೇಶವನಿಗಿಂತಲೂ ಹಳೆಯದು!

ಇಲ್ಲಿ ಗರ್ಭಗುಡಿಗಳು ನಾಲ್ಕು. ಲಕ್ಷ್ಮಿಯೂ ಕಾಳಿಯೂ ಒಂದೇ ಸೂರಿನಡಿ ಇದ್ದಾರೆ. ಕಾಳಿ ಗುಡಿಯ ಬಾಗಿಲಲ್ಲಿ ಎರಡು ಬೇತಾಳಗಳು ನಿಂತಿವೆ. ಪಕ್ಕೆಲುಬು ಎಣಿಸಬಹುದು, ಅಷ್ಟು ಸ್ಪಷ್ಟ ಕೆತ್ತನೆ. ಒಳಗೆ ಬೆಳಕು ಕಮ್ಮಿ. ಬಿಸಿಲಿನಿಂದ ಹೋದ ಕೂಡಲೇ ಏನೂ ಕಾಣಲಿಲ್ಲ ಅಂತ ವಾಪಸ್ ಬರಬೇಡಿ. ಎರಡು ನಿಮಿಷ ಸುಮ್ನೆ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತೆ. ಅಮ್ಮನವರ ಮುಖಕ್ಕೆ ಮೊಬೈಲ್ ಟಾರ್ಚ್ ಬಿಡುವುದು ಬೇಡ, ಬೇರೆಯವರೂ ಕೈ ಮುಗಿಯುತ್ತಿರುತ್ತಾರೆ ಅಲ್ವಾ.

ಹೂವು, ಹಣ್ಣು, ಕುಡಿಯುವ ನೀರು ಹಾಸನದಲ್ಲೇ ತಗೊಳ್ಳಿ. ಪೂಜೆ ಮಾಡಿಸಬೇಕಿದ್ದರೆ ಬೆಳಿಗ್ಗೆಯೇ ಹೋಗಿ. ಅರ್ಚಕರು ಕಾಣದಿದ್ದರೆ ಊರಿನವರನ್ನು ಕೇಳಿ. ಮಧ್ಯಾಹ್ನ ಅಂಗಳದ ಕಲ್ಲು ಕಾದಿರುತ್ತೆ, ವಯಸ್ಸಾದವರಿಗೆ ಕಾಲುಚೀಲ ಇರಲಿ.

ಇದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿ. ಕಂಬ, ಗೋಡೆಗಳಿಗೆ ಅರಿಶಿನ ಕುಂಕುಮ ಹಚ್ಚಬೇಡಿ, ಎಣ್ಣೆ ಸುರಿಯಬೇಡಿ. ಬಳಪದ ಕಲ್ಲು ಅದು, ಮೆತ್ತಗಿರುತ್ತೆ. ಮಕ್ಕಳು ಕೆತ್ತನೆ ಮೇಲೆ ಕಾಲಿಟ್ಟು ಹತ್ತದ ಹಾಗೆ ನೋಡಿಕೊಳ್ಳಿ.

ಹೊರಡುವ ಮುಂಚೆ ಕೆರೆ ಏರಿ ಕಡೆ ಹೋಗಿ ಒಮ್ಮೆ ತಿರುಗಿ ನೋಡಿ. ಶಿಖರಗಳೆಲ್ಲ ಒಟ್ಟಿಗೆ ಕಾಣುತ್ತವೆ. ಫೋಟೋಗೆ ಅದೇ ಒಳ್ಳೆಯ ಜಾಗ.