ಸ್ಪ್ಯಾನಿಷ್‌ನಲ್ಲಿ ಬಣ್ಣ ಹೇಳುವುದು ಹೇಗೆ? ‘ಮನೆ ಕೆಂಪು’ ಅಂತ ಶುರು ಮಾಡಿ

ಸ್ಪ್ಯಾನಿಷ್ ಕಲಿಯಲು ಹೊರಟವರು ಮೊದಲ ವಾರವೇ ಬಣ್ಣಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಪಟ್ಟಿಯೇನೋ ಬರುತ್ತದೆ. ಆದರೆ ಎದುರಿಗಿರುವ ಅಂಗಿಯ ಬಣ್ಣ ಹೇಳಿ ಅಂದರೆ ನಾಲಿಗೆ ತಡವರಿಸುತ್ತದೆ. ಕನ್ನಡದ ‘ಕೆಂಪು’ ಯಾರಿಗೂ ಬಗ್ಗುವುದಿಲ್ಲ: ಕೆಂಪು ಮನೆ, ಕೆಂಪು ಮನೆಗಳು, ಕೆಂಪು ಪುಸ್ತಕ. ಸ್ಪ್ಯಾನಿಷ್ ಬಣ್ಣ ಹಾಗಲ್ಲ, ಜೊತೆಗಿರುವ ವಸ್ತುವನ್ನು ನೋಡಿ ಬಾಲ ಬದಲಿಸುತ್ತದೆ. ಹಾಗಾಗಿ ಬಣ್ಣವನ್ನು ಒಂಟಿಯಾಗಿ ಕಲಿಯಬೇಡಿ, ಒಂದು ವಸ್ತುವಿನ ಜೊತೆ ಕಲಿಯಿರಿ.

ಮೊದಲು ಆರು ಪದ ಸಾಕು. ರೋಹೊ ಅಂದರೆ ಕೆಂಪು, ಅಮರಿಯೊ ಹಳದಿ, ಅಸೂಲ್ ನೀಲಿ, ಬೇರ್ದೆ ಹಸಿರು, ಬ್ಲಾಂಕೊ ಬಿಳಿ, ನೇಗ್ರೊ ಕಪ್ಪು. ಅಸೂಲ್‌ನ ‘ಸ’ವನ್ನು ಸ್ಪೇನಿನ ಬಹುಭಾಗದಲ್ಲಿ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಹೇಳುತ್ತಾರೆ. ಮೆಕ್ಸಿಕೊದಲ್ಲಿ ನಮ್ಮ ‘ಸ’ವೇ ನಡೆಯುತ್ತದೆ.

ಈಗ ವಸ್ತುವನ್ನು ಮುಂದೆ ಇಡಿ, ಬಣ್ಣವನ್ನು ಹಿಂದೆ. ಕಾಸ ಅಂದರೆ ಮನೆ, ಅದು ಹೆಣ್ಣು. ಲೀಬ್ರೊ ಅಂದರೆ ಪುಸ್ತಕ, ಅದು ಗಂಡು. ಪುಸ್ತಕ ಹೇಗೆ ಗಂಡಾಯಿತು ಅಂತ ಕೇಳಬೇಡಿ, ಸುಮ್ನೆ ಒಪ್ಪಿಕೊಳ್ಳಿ. ಕೆಂಪು ಪುಸ್ತಕ ‘ಲೀಬ್ರೊ ರೋಹೊ’, ಕೆಂಪು ಮನೆ ‘ಕಾಸ ರೋಹ’. ಹೆಚ್ಚು ಇದ್ದರೆ ಎರಡಕ್ಕೂ ‘ಸ್’ ಅಂಟುತ್ತದೆ: ಲೀಬ್ರೊಸ್ ರೋಹೊಸ್, ಕಾಸಸ್ ರೋಹಸ್. ಅಮರಿಯೊ, ಬ್ಲಾಂಕೊ, ನೇಗ್ರೊ ಕೂಡ ಹೀಗೆಯೇ. ಬೇರ್ದೆ, ಅಸೂಲ್‌ಗೆ ಗಂಡು ಹೆಣ್ಣಿನ ಭೇದ ಇಲ್ಲ. ಅವು ಬಹುವಚನದಲ್ಲಿ ಮಾತ್ರ ಬೇರ್ದೆಸ್, ಅಸೂಲೆಸ್ ಆಗುತ್ತವೆ.

ಮುಂದಿನ ಹೆಜ್ಜೆಗೆ ಮಕ್ಕಳ ವಾಟರ್ ಕಲರ್ ಡಬ್ಬಿ ತೆಗೆಯಿರಿ. ಬಣ್ಣ ಬೆರೆಸುತ್ತಾ ಜೋರಾಗಿ ಹೇಳಿ: ‘ಅಸೂಲ್ ಇ ಅಮರಿಯೊ ದಾನ್ ಬೇರ್ದೆ.’ ‘ಇ’ ಅಂದರೆ ಮತ್ತು, ‘ದಾನ್’ ಅಂದರೆ ಕೊಡುತ್ತವೆ. ನೀಲಿಯೂ ಹಳದಿಯೂ ಸೇರಿದರೆ ಹಸಿರು. ಕೆಂಪಿಗೆ ಹಳದಿ ಬೆರೆತರೆ ನರಾಂಹ, ಅಂದರೆ ಕಿತ್ತಳೆ. ಇದು ಹಣ್ಣಿನ ಹೆಸರೂ ಹೌದು. ಸಂಸ್ಕೃತದ ನಾರಂಗವೇ ಪರ್ಷಿಯನ್, ಅರಬ್ಬಿ ದಾಟಿ ಸ್ಪೇನ್ ತಲುಪಿ ನರಾಂಹ ಆಗಿದೆ. ಕೆಂಪಿಗೆ ನೀಲಿ ಬೆರೆತರೆ ಮೊರಾದೊ. ಇದು ‘ಮೊರ’ದಿಂದ ಬಂದ ಪದ, ಮೊರ ಅಂದರೆ ಹಿಪ್ಪುನೇರಳೆ ಹಣ್ಣು. ನಾವೂ ಈ ಬಣ್ಣಕ್ಕೆ ನೇರಳೆ ಅಂತ ಹಣ್ಣಿನ ಹೆಸರನ್ನೇ ಇಟ್ಟಿದ್ದೇವೆ ಅಲ್ವಾ? ಕಪ್ಪು ಬಿಳಿ ಸೇರಿದರೆ ಗ್ರಿಸ್, ಬೂದು. ಅಂದ ಹಾಗೆ, ನಮ್ಮ ‘ಕಪ್ಪುಬಿಳುಪು’ ಅವರಲ್ಲಿ ‘ಬ್ಲಾಂಕೊ ಇ ನೇಗ್ರೊ’. ಬಿಳಿ ಮೊದಲು.

ತಿಳಿ ಬಣ್ಣ, ಕಡು ಬಣ್ಣಕ್ಕೆ ಎರಡು ಪದಗಳಿವೆ: ಕ್ಲಾರೊ, ಒಸ್ಕೂರೊ. ತಿಳಿನೀರಿನ ‘ತಿಳಿ’ಗೂ ತಿಳಿಹಸಿರಿನ ‘ತಿಳಿ’ಗೂ ನಮ್ಮಲ್ಲಿ ಒಂದೇ ಪದ ಇರುವಂತೆ ಕ್ಲಾರೊ ಕೂಡ ಎರಡೂ ಕಡೆ ಸಲ್ಲುತ್ತದೆ. ಒಂದು ಸಮಾಧಾನ ಏನೆಂದರೆ, ಇವು ಬಂದ ಕೂಡಲೇ ಬಾಲದ ಕಾಟ ತಪ್ಪುತ್ತದೆ. ಕಡುಹಸಿರು ಅಂಗಿಗಳು ‘ಕಮೀಸಸ್ ಬೇರ್ದೆ ಒಸ್ಕೂರೊ’. ಅಂಗಿಗಳು ಎಷ್ಟೇ ಇರಲಿ, ಬಣ್ಣ ಅಲುಗುವುದಿಲ್ಲ.

ಇಷ್ಟು ಬಂದ ಮೇಲೆ ಫುಟ್‌ಬಾಲ್ ನೋಡಿ, ತಮಾಷೆಗಲ್ಲ. ಎರಡು ಬಣ್ಣ ಒಂದೇ ಪದವಾಗುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಅಟ್ಲೆಟಿಕೊ ಮ್ಯಾಡ್ರಿಡ್‌ನವರು ಕೆಂಪು ಬಿಳಿ ಪಟ್ಟೆಯವರು, ಅವರು ರೋಹಿಬ್ಲಾಂಕೊಸ್. ರೋಹೊ ಇಲ್ಲಿ ‘ರೋಹಿ’ ಆಗಿದೆ. ಸೆವಿಲ್ಯದ ಬೆಟಿಸ್ ತಂಡ ಹಸಿರು ಬಿಳಿ, ಅವರು ಬೇರ್ದಿಬ್ಲಾಂಕೊಸ್. ಬಾಲ ಬದಲಾಗುವುದು ಕೊನೆಯ ಬಣ್ಣಕ್ಕೆ ಮಾತ್ರ. ಅರ್ಜೆಂಟೀನಾ ತಂಡ ಅಲ್ಬಿಸೆಲೆಸ್ತೆ: ‘ಅಲ್ಬಿ’ ಲ್ಯಾಟಿನ್ ಮೂಲದ ಬಿಳಿ, ಸೆಲೆಸ್ತೆ ಆಕಾಶ ನೀಲಿ. ಮೆಸ್ಸಿಯ ಅಂಗಿ ನೋಡಿದವರಿಗೆ ಮತ್ತೆ ವಿವರಿಸಬೇಕಿಲ್ಲ.

ಊರು ಬದಲಾದರೆ ಪದವೂ ಬದಲಾಗುವುದುಂಟು. ಕಂದು ಬಣ್ಣ ಸ್ಪೇನ್‌ನಲ್ಲಿ ಮರ್ರೋನ್, ಮೆಕ್ಸಿಕೊದಲ್ಲಿ ಕಫೆ, ಅಂದರೆ ಕಾಫಿ. ಕೆಂಪು ವೈನ್‌ಗೆ ಮಾತ್ರ ರೋಹೊ ಅನ್ನಬೇಡಿ, ಅದು ತಿಂತೊ. ಆದರೆ ಕೊಲಂಬಿಯಾದಲ್ಲಿ ಬೆಳಿಗ್ಗೆ ಬರೀ ‘ತಿಂತೊ’ ಕೇಳಿದರೆ ಹಾಲಿಲ್ಲದ ಕಾಫಿ ತಂದಿಡುತ್ತಾರೆ.