ಬೆಳಕು ಕಡಿಮೆಯಾದ ಮಾತ್ರಕ್ಕೆ ಔಷಧ ಸಿಕ್ಕಿತು ಅಂತಲ್ಲ: ಹುಸಿ ವೈರಸ್ ಜೊತೆ ನನ್ನ ಅನುಭವ

ನನ್ನ ಲ್ಯಾಬ್ ಕೆಲಸ ಎರಡು ಬಗೆಯದು. ಕೊರೋನಾ ವೈರಸ್ ಸೆಲ್ ಒಳಗೆ ಹೋಗದಂತೆ ತಡೆಯುವ ಔಷಧ ಹುಡುಕುವುದು ಒಂದು. ಲಸಿಕೆ ಪಡೆದವರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ, ಆಂಟಿಬಾಡಿ ಇರುವ ದ್ರವ) ಆ ವೈರಸ್ಸನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವುದು ಇನ್ನೊಂದು. ಎರಡಕ್ಕೂ ಬಳಸುವುದು ಒಂದೇ ಹುಸಿ ವೈರಸ್, ಅಂದರೆ ಕೊರೋನಾದ ವೇಷ ಹಾಕಿದ ಬೇರೆ ವೈರಸ್.

ನಿಜವಾದ ಕೊರೋನಾ ವೈರಸ್ (ಸಾರ್ಸ್-ಕೋವ್-2) ಬೆಳೆಸಲು ಬಿಗಿ ಸುರಕ್ಷತೆಯ ಬಿಎಸ್‌ಎಲ್-3 ಲ್ಯಾಬ್ ಬೇಕು. ಹುಸಿ ವೈರಸ್ಸಿಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿಎಸ್‌ಎಲ್-2 ಸಾಕು. ನಾನು ಬಳಸುವುದರ ಒಳಗಿರುವುದು ವಿಎಸ್‌ವಿ ಅನ್ನುವ ಬೇರೆಯೇ ವೈರಸ್. ಅದು ಸೆಲ್ ಒಳಗೆ ಹೋಗಲು ಬಳಸುವ ಜಿ ಪ್ರೋಟೀನಿನ ಜೀನ್ ತೆಗೆದು, ಆ ಜಾಗದಲ್ಲಿ ಲೂಸಿಫರೇಸ್ ಎಂಬ ಬೆಳಕು ಹೊಮ್ಮಿಸುವ ಕಿಣ್ವದ ಜೀನ್ ಕೂರಿಸಿರುತ್ತಾರೆ. ಮೈಮೇಲೆ ಮಾತ್ರ ಕೊರೋನಾದ ಸ್ಪೈಕ್, ಅಂದರೆ ಕೊರೋನಾ ಸೆಲ್ ಒಳಗೆ ಹೋಗಲು ಬಳಸುವ ಮುಳ್ಳಿನಂಥ ಪ್ರೋಟೀನ್. ಇದು ಒಂದು ಸಲ ಸೆಲ್ ಒಳಗೆ ನುಗ್ಗುತ್ತದೆ, ಮುಂದಕ್ಕೆ ಹರಡುವುದಿಲ್ಲ. ನುಗ್ಗಿದ ಸೆಲ್‌ಗೆ ಲೂಸಿಫೆರಿನ್ ಎಂಬ ರಾಸಾಯನಿಕ ಹಾಕಿದರೆ ಬೆಳಕು ಬರುತ್ತದೆ. ಅದನ್ನು ಯಂತ್ರ ಓದುತ್ತದೆ.

ಹುಸಿ ವೈರಸ್ ಕಟ್ಟಲು ಎಚ್‌ಐವಿ ಗುಂಪಿನ ಲೆಂಟಿವೈರಸ್ಸನ್ನೂ ಬಳಸುತ್ತಾರೆ. ಅದನ್ನು ಬಿಟ್ಟು ವಿಎಸ್‌ವಿ ಹಿಡಿದಿದ್ದಕ್ಕೆ ಕಾರಣ ಇದೆ. ಒಂದು ದಿನದೊಳಗೆ ಫಲಿತಾಂಶ ಬರುತ್ತದೆ. ಜೊತೆಗೆ, ಎಚ್‌ಐವಿ ಔಷಧ ತೆಗೆದುಕೊಳ್ಳುವವರ ಸೀರಮ್ ಲೆಂಟಿವೈರಸ್ಸನ್ನು ತಾನೇ ತಡೆದುಬಿಡಬಹುದು. ಅದು ಲಸಿಕೆಯ ಪ್ರಭಾವದ ಹಾಗೆಯೇ ಕಾಣುತ್ತದೆ! ವಿಎಸ್‌ವಿಯಲ್ಲಿ ಆ ತಲೆನೋವಿಲ್ಲ. ಆದರೆ ತಯಾರಿಸುವಾಗ ಹಳೆಯ ಜಿ ಪ್ರೋಟೀನ್ ಹೊತ್ತ ಕಣಗಳು ಸ್ವಲ್ಪ ಉಳಿದುಕೊಳ್ಳುತ್ತವೆ. ಜಿ ವಿರುದ್ಧದ ಆಂಟಿಬಾಡಿ ಹಾಕಿ ಅವುಗಳನ್ನು ಕಟ್ಟಿಹಾಕಲೇಬೇಕು.

ಔಷಧ ಹುಡುಕಲು 384 ವೆಲ್ (ಪುಟ್ಟ ಗುಂಡಿ) ಇರುವ ಪ್ಲೇಟ್ ಬಳಸುತ್ತೇನೆ. ಅಂಚಿನ ವೆಲ್‌ಗಳು ಬೇಗ ಒಣಗುತ್ತವೆ, ಅಲ್ಲಿ ಔಷಧ ಇಡುವುದಿಲ್ಲ. ಸೆಲ್ ಹಾಕಿದ ಕೂಡಲೇ ಪ್ಲೇಟನ್ನು ಇನ್‌ಕ್ಯುಬೇಟರ್‌ಗೆ ತಳ್ಳದೆ ಸ್ವಲ್ಪ ಹೊತ್ತು ಮೇಜಿನ ಮೇಲೇ ಬಿಡುತ್ತೇನೆ. ಸೆಲ್ ಸಮನಾಗಿ ಕೂರುತ್ತವೆ. ಔಷಧ ಕರಗಿಸುವ ದ್ರಾವಕ ಡಿಎಂಎಸ್‌ಓ ಶೇ. 0.5 ದಾಟುವ ಹಾಗಿಲ್ಲ. ವೈರಸ್ ಹಾಕಿದ ವೆಲ್‌ಗೂ ಹಾಕದ ವೆಲ್‌ಗೂ ಅಂತರ ಸ್ಪಷ್ಟವಾಗಿದೆಯಾ ಅಂತ ತೋರಿಸುವ ಝಡ್ ಪ್ರೈಮ್ ಲೆಕ್ಕ 1999ರಿಂದ ಬಳಕೆಯಲ್ಲಿದೆ. ಅದು 0.5ಕ್ಕಿಂತ ಕೆಳಗಿದ್ದರೆ ಆ ಪ್ಲೇಟಿನಲ್ಲಿ ಬೆಳಕು ತಗ್ಗಿಸಿದ ಔಷಧಗಳನ್ನು, ಅಂದರೆ ಹಿಟ್‌ಗಳನ್ನು ನಾನು ನೋಡುವುದೇ ಇಲ್ಲ.

ನಿಜವಾದ ಕೆಲಸ ಶುರುವಾಗುವುದು ಹಿಟ್ ಬಂದ ಮೇಲೆ. ಬೆಳಕು ಕಡಿಮೆಯಾಯಿತು, ಸರಿ. ಸೆಲ್ ಸತ್ತಿದ್ದರೂ ಬೆಳಕು ಹೋಗುತ್ತದೆ ಅಲ್ವಾ? ಅದಕ್ಕೆ ವೈರಸ್ ಇಲ್ಲದ ಇನ್ನೊಂದು ಪ್ಲೇಟಿನಲ್ಲಿ ಸೆಲ್ ಬದುಕಿವೆಯಾ ಅಂತ ನೋಡುತ್ತೇನೆ. ಕೆಲವು ಔಷಧಗಳು ಲೂಸಿಫರೇಸನ್ನೇ ತಡೆಯುತ್ತವೆ. ಅವನ್ನು ಹಿಡಿಯಲು, ಆಗಲೇ ಲೂಸಿಫರೇಸ್ ತಯಾರಾಗಿರುವ ಸೆಲ್ ರಸಕ್ಕೆ ಔಷಧ ಬೆರೆಸಿ ನೋಡಬೇಕು. ಹಾಗೆ ಲೂಸಿಫರೇಸ್ ತಡೆಯುವ ಕೆಲವು ಔಷಧಗಳು ಆ ಕಿಣ್ವ ಬೇಗ ನಾಶವಾಗದಂತೆ ಕಾಪಾಡಿ ಬೆಳಕನ್ನು ಜಾಸ್ತಿ ಮಾಡುವುದೂ ಉಂಟು. ತಮಾಷೆಯ ಸಂಗತಿ. ಕೊನೆಗೆ, ಸ್ಪೈಕ್ ಬದಲು ಜಿ ಪ್ರೋಟೀನ್ ಹೊತ್ತ ವೈರಸ್ಸನ್ನೂ ಅದೇ ಔಷಧ ತಡೆದರೆ, ಅದು ಸ್ಪೈಕ್ ಮೇಲೆ ಕೆಲಸ ಮಾಡುತ್ತಿದೆ ಅನ್ನುವ ಮಾತು ಬಿಡಬೇಕು.

ಯಾವ ಸೆಲ್ ಅನ್ನುವುದಂತೂ ಇನ್ನೂ ಮುಖ್ಯ. ಕ್ಲೋರೊಕ್ವಿನ್ ಮಂಗದ ಕಿಡ್ನಿಯಿಂದ ಬಂದ ವೆರೋ ಸೆಲ್‌ಗಳಲ್ಲಿ ವೈರಸ್ಸನ್ನು ಚೆನ್ನಾಗಿ ತಡೆಯಿತು. 2020ರಲ್ಲಿ ಮನುಷ್ಯರ ಶ್ವಾಸಕೋಶದ ಕ್ಯಾಲು-3 ಸೆಲ್‌ಗಳಲ್ಲಿ ನೋಡಿದಾಗ ತಡೆಯಲಿಲ್ಲ. ವೆರೋದಲ್ಲಿ ವೈರಸ್ ಎಂಡೋಸೋಮ್ (ಸೆಲ್ ಒಳಗಿನ ಆಮ್ಲೀಯ ಚೀಲ) ಮೂಲಕ ಒಳಬರುತ್ತದೆ, ಅಲ್ಲಿನ ಆಮ್ಲೀಯತೆಯನ್ನು ಕ್ಲೋರೊಕ್ವಿನ್ ಕೆಡಿಸುತ್ತದೆ. ಕ್ಯಾಲು-3ಯಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ಸ್ಪೈಕನ್ನು ಹೊರಗೇ ಕತ್ತರಿಸುತ್ತದೆ, ಆ ದಾರಿಯೇ ಬೇರೆ. ಕ್ಯಾಲು-3 ನಿಧಾನಕ್ಕೆ ಬೆಳೆಯುತ್ತದೆ, ಗುಂಪುಗಟ್ಟುತ್ತದೆ, ತಾಳ್ಮೆ ಪರೀಕ್ಷಿಸುತ್ತದೆ. ಆದರೂ ಹಿಟ್‌ಗಳನ್ನು ಅದರಲ್ಲಿ ನೋಡದೆ ಮುಂದೆ ಕಳಿಸುವುದಿಲ್ಲ.

ಸೀರಮ್ ಕೆಲಸ ಸ್ವಲ್ಪ ಸಲೀಸು. 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಮಾಡಿ ಕಾಂಪ್ಲಿಮೆಂಟನ್ನು (ವೈರಸ್ಸನ್ನು ತಾವೇ ಹೊಡೆಯಬಲ್ಲ ರಕ್ತದ ಪ್ರೋಟೀನುಗಳನ್ನು) ನಿಷ್ಕ್ರಿಯ ಮಾಡುತ್ತೇನೆ. ಮೂರು ಪಟ್ಟು ತೆಳುಮಾಡುತ್ತಾ ಹೋಗಿ, ಒಂದು ಗಂಟೆ ವೈರಸ್ ಜೊತೆ ಬಿಟ್ಟು, ಆಮೇಲೆ ಸೆಲ್ ಮೇಲೆ ಹಾಕುತ್ತೇನೆ. ಎಷ್ಟು ಪಟ್ಟು ತೆಳುಮಾಡಿದಾಗ ಬೆಳಕು ಅರ್ಧಕ್ಕಿಳಿಯುತ್ತದೆ ಅನ್ನುವುದೇ ಉತ್ತರ. ಆದರೆ ಆ ಅಂಕಿ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ. ಅದಕ್ಕೇ 2020ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಮಾನದಂಡ ಪ್ಲಾಸ್ಮಾವನ್ನು (ರಕ್ತದ ದ್ರವ ಭಾಗ) ಆಧಾರವಾಗಿಟ್ಟು ಅಂತರರಾಷ್ಟ್ರೀಯ ಯೂನಿಟ್‌ಗೆ ಬದಲಿಸಿಯೇ ಬರೆಯುತ್ತೇನೆ.

ಈ ಪರೀಕ್ಷೆಗೆ ಕಾಣುವುದು ಪ್ರವೇಶ ಮಾತ್ರ. ರೆಮ್‌ಡೆಸಿವಿರ್ ಕೊರೋನಾದ ಪಾಲಿಮರೇಸನ್ನು (ವೈರಸ್ಸಿನ ಜೀನುಗಳ ನಕಲು ಮಾಡುವ ಕಿಣ್ವವನ್ನು) ತಡೆಯುತ್ತದೆ, ಆ ಪಾಲಿಮರೇಸ್ ನನ್ನ ಪ್ಲೇಟಿನಲ್ಲಿ ಇಲ್ಲವೇ ಇಲ್ಲ. ಅಂಥ ಔಷಧಗಳನ್ನು ಹುಡುಕುವವರಿಗೆ ನಾನು ಬೇರೆ ಪರೀಕ್ಷೆ ಕಟ್ಟಿಕೊಳ್ಳಲು ಹೇಳುತ್ತೇನೆ. ಪ್ರವೇಶ ತಡೆಯುವ ಹಿಟ್‌ಗಳು ಉಳಿದರೆ ಅವು ಬಿಎಸ್‌ಎಲ್-3ಗೆ, ನಿಜವಾದ ವೈರಸ್ ಮುಂದೆ ಹೋಗುತ್ತವೆ.