ರೈಫಲ್‌ನ ಸೈಟ್ ರೇಡಿಯಸ್: ಅಳೆಯುವುದು ಹೇಗೆ, ಲೆಕ್ಕ ಹಾಕುವುದು ಹೇಗೆ?

ಅಡಿಕೆ ಸಸಿ ನೆಡುವ ಮೊದಲು ಸಾಲು ಹಿಡಿಯುವುದನ್ನು ನೋಡಿದ್ದೀರಾ? ಎರಡು ಗೂಟ ನೆಡುತ್ತಾರೆ. ಒಂದರ ಹಿಂದೆ ಇನ್ನೊಂದು ಮರೆಯಾಗುವ ಹಾಗೆ ಕಣ್ಣಿಟ್ಟು ತೋಟದ ಆ ತುದಿ ನೋಡುತ್ತಾರೆ. ಗೂಟಗಳು ಒಂದು ಮಾರು ದೂರದಲ್ಲಿದ್ದರೆ, ಬೆರಳಗಲ ತಪ್ಪಿದರೂ ಸಾಲು ಎಲ್ಲೋ ಹೋಗಿರುತ್ತದೆ. ಹತ್ತು ಮಾರು ದೂರವಿದ್ದರೆ ಅದೇ ತಪ್ಪು ಅಷ್ಟಾಗಿ ಕಾಡುವುದಿಲ್ಲ. ರೈಫಲ್‌ನಲ್ಲೂ ಹೀಗೇ. ಗುರಿ ಹಿಡಿಯಲು ಕಣ್ಣಿನ ಹತ್ತಿರ ತೂತು ಅಥವಾ ಕಚ್ಚು ಇರುವ ಬ್ಯಾಕ್‌ಸೈಟ್, ಮುಂದೆ ನಳಿಗೆಯ ಮೇಲೆ ಮೊನೆಯಂಥ ಫೋರ್‌ಸೈಟ್. ಇವೆರಡರ ನಡುವಿನ ದೂರವೇ ಸೈಟ್ ರೇಡಿಯಸ್.

ಮೊದಲು ರೈಫಲ್ ಖಾಲಿ ಮಾಡಿ. ಮ್ಯಾಗಜಿನ್ ತೆಗೆಯಿರಿ, ಚೇಂಬರ್ ಒಳಗೆ ಗುಂಡಿಲ್ಲ ಎಂದು ಕಣ್ಣಾರೆ ನೋಡಿ, ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿಡಿ. ಎನ್‌ಸಿಸಿ ಕೆಡೆಟ್ ಆಗಿದ್ದರೆ ಉಸ್ತಾದರ ಎದುರಿಗೇ ಮಾಡಿ.

ಆಮೇಲೆ ಟೇಪ್ ಹಿಡಿದು ಬ್ಯಾಕ್‌ಸೈಟ್‌ನ ತೂತು ಅಥವಾ ಕಚ್ಚಿನಿಂದ ಫೋರ್‌ಸೈಟ್ ಮೊನೆಯವರೆಗೆ ಅಳೆಯಿರಿ. ನಳಿಗೆಯನ್ನು ಅಳೆಯಬೇಡಿ. ಉದ್ದ ನಳಿಗೆ ಇದ್ದರೆ ರೇಡಿಯಸ್ಸೂ ಜಾಸ್ತಿ ಎಂದುಕೊಳ್ಳುವವರೇ ಹೆಚ್ಚು. ಎಷ್ಟೋ ಸಲ ಅದು ನಿಜವಲ್ಲ.

ಅಮೆರಿಕದ ಎಂ16ಎ2 ರೈಫಲ್ ನೋಡಿ. ನಳಿಗೆ 20 ಇಂಚು, ಸೈಟ್ ರೇಡಿಯಸ್ ಸುಮಾರು 501 ಮಿ.ಮೀ. ಅದರ ಗಿಡ್ಡ ತಮ್ಮನಂತಿರುವ ಎಂ4 ಕಾರ್ಬೈನ್‌ನ ನಳಿಗೆ 14.5 ಇಂಚು, ರೇಡಿಯಸ್ ಸುಮಾರು 368 ಮಿ.ಮೀ. ಇವುಗಳಲ್ಲಿ ಫೋರ್‌ಸೈಟ್ ಕೂರುವುದು ನಳಿಗೆಯಿಂದ ಗ್ಯಾಸ್ ಹೊರಬರುವ ತೂತಿನ ಮೇಲೆ. ಹಾಗಾಗಿ ಕಾರ್ಬೈನ್‌ಗೆ 16 ಇಂಚಿನ ನಳಿಗೆ ಹಾಕಿದರೂ, ಆ ತೂತು ಇದ್ದಲ್ಲೇ ಇದ್ದರೆ ರೇಡಿಯಸ್ ಒಂದಿಷ್ಟೂ ಬೆಳೆಯುವುದಿಲ್ಲ.

ನಮ್ಮ ದೇಶದ ಪೊಲೀಸರು ದಶಕಗಳ ಕಾಲ ಹೆಗಲಿಗೇರಿಸಿದ .303 ರೈಫಲ್ ಇನ್ನೂ ಚೆಂದದ ಉದಾಹರಣೆ. ಅದರ ಹಳೆಯ ಮಾದರಿ ನಂ. 1 ಮಾರ್ಕ್ 3 ಮತ್ತು ಆಮೇಲಿನ ನಂ. 4, ಎರಡರ ನಳಿಗೆಯೂ 25.2 ಇಂಚು. ಹಳೆಯದರಲ್ಲಿ ಬ್ಯಾಕ್‌ಸೈಟ್ ನಳಿಗೆಯ ಮೇಲಿತ್ತು. ನಂ. 4ರಲ್ಲಿ ಅದನ್ನು ನಳಿಗೆಯ ಹಿಂದಿರುವ ರೈಫಲ್‌ನ ಒಡಲಿನ ಹಿಂಭಾಗಕ್ಕೆ, ಕಣ್ಣಿನ ಹತ್ತಿರಕ್ಕೆ ತಂದರು. ನಳಿಗೆ ಕೂದಲೆಳೆಯಷ್ಟೂ ಉದ್ದವಾಗದೆ ರೇಡಿಯಸ್ ಮಾತ್ರ ಬೆಳೆಯಿತು. ಎಂಥ ಒಳ್ಳೆಯ ಯೋಚನೆ ಅಲ್ವಾ!

ಈಗ ಲೆಕ್ಕ. ಸೈಟ್ ಜೋಡಿಸುವಾಗ ಆದ ತಪ್ಪನ್ನು ರೇಡಿಯಸ್‌ನಿಂದ ಭಾಗಿಸಿ, ಗುರಿಯ ದೂರದಿಂದ ಗುಣಿಸಿ. ಫೋರ್‌ಸೈಟ್ ಮೊನೆ ನಡುವಿನಿಂದ 0.1 ಮಿ.ಮೀ. ಸರಿದಿದೆ, ಗುರಿ 100 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಎಂ16ರಲ್ಲಿ ಗುಂಡು 20 ಮಿ.ಮೀ. ತಪ್ಪುತ್ತದೆ. ಎಂ4ರಲ್ಲಿ 27 ಮಿ.ಮೀ. ಗುಂಡೂ ಅದೇ, ಕೈಯೂ ಅದೇ. ಗಿಡ್ಡ ರೇಡಿಯಸ್ ಎಂದರೆ ಕೋವಿ ಕೆಟ್ಟದ್ದು ಎಂದಲ್ಲ. ನಮ್ಮ ತಪ್ಪು ಅದರಲ್ಲಿ ಕಣ್ಣಿಗೆ ಬೀಳುವುದು ಕಷ್ಟ, ಅಷ್ಟೇ.

ಸೈಟ್ ತಿರುಗಿಸಿ ಸರಿಮಾಡುವಾಗಲೂ ಇದು ನೆನಪಿರಲಿ. ಎಂ16ಎ2ರ ಫೋರ್‌ಸೈಟನ್ನು ಒಂದು ಕ್ಲಿಕ್, ಅಂದರೆ ಒಂದು ಹಂತ, ತಿರುಗಿಸಿದರೆ 100 ಮೀಟರಿನಲ್ಲಿ ಗುಂಡು ಬೀಳುವ ಜಾಗ ಸುಮಾರು 3.5 ಸೆಂ.ಮೀ. ಸರಿಯುತ್ತದೆ. ಎಂ4ರಲ್ಲಿ ಅದೇ ಒಂದು ಕ್ಲಿಕ್‌ಗೆ 4.8 ಸೆಂ.ಮೀ. ರೈಫಲ್‌ನಲ್ಲಿ ಕಲಿತ ಕ್ಲಿಕ್ ಲೆಕ್ಕವನ್ನು ಕಾರ್ಬೈನ್‌ಗೆ ಸುಮ್ನೆ ಹಾಗೇ ಹಾಕಿದರೆ ಗ್ರೂಪಿಂಗ್, ಅಂದರೆ ಗುಂಡುಗಳು ಒಟ್ಟಾಗಿ ಬೀಳುವ ಜಾಗ, ಗುರಿಯ ಆಚೆಗೆ ದಾಟಿಹೋಗುತ್ತದೆ.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ಆ ವಯಸ್ಸಿನಲ್ಲಿ ಹತ್ತಿರದ್ದು ಮಸುಕಾಗತೊಡಗುತ್ತದೆ. ಫೋರ್‌ಸೈಟ್ ದೂರವಿದ್ದಷ್ಟೂ ಅದರ ಮೊನೆ ಚೊಕ್ಕವಾಗಿ ಕಾಣುತ್ತದೆ. ಗಿಡ್ಡ ಕಾರ್ಬೈನೇ ಕೈಯಲ್ಲಿದ್ದರೆ ಬ್ಯಾಕ್‌ಸೈಟ್‌ನ ಚಿಕ್ಕ ತೂತನ್ನು ಬಳಸಿ ನೋಡಿ. ಚಿಕ್ಕ ತೂತಿನೊಳಗಿಂದ ನೋಡಿದಾಗ ಮೊನೆಯೂ ಗುರಿಯೂ ಎರಡೂ ತಿಳಿಯಾಗುತ್ತವೆ. ಬೆಳಕು ಮಾತ್ರ ಚೆನ್ನಾಗಿರಬೇಕು.